ಕಣ್ಣೂ ಕೇಳುತ್ತದೆ

ಗದಗಿಗೆ ಒತ್ತಿಕೊಂಡಿರುವ ಬೆಟಗೇರಿ ನೇಕಾರರ ಊರೆಂದು ಹೆಸರಾದುದು. ಅಲ್ಲಿಯ ನೇಕಾರರ ಓಣಿಗಳಲ್ಲಿ ಕಾಲಿಟ್ಟವರ ಕಿವಿಗೆ ಮೊದಲು ಬೀಳುವುದು ಮಗ್ಗದ ಸದ್ದು. ಅಂಥ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಲಾಳಿ ಅತ್ತಿಂದಿತ್ತ ಓಡುತ್ತಿದೆ. ಬಡಿತದ ಮೇಲೆ ಬಡಿತ ಬೀಳುತ್ತಿದೆ. ಮಗ್ಗದಿಂದ ಎರಡು ಮಾರು ದೂರದಲ್ಲಿ ತೊಟ್ಟಿಲು. ಅದರಲ್ಲಿ ಐದು ತಿಂಗಳ ಕೂಸು. ಕೂಸು ಎಚ್ಚತ್ತುದನ್ನು ಕಂಡು ತಾಯಿ ಎದ್ದು ಬಂದು, ತೊಟ್ಟಿಲ ಮೇಲೆ ಬಾಗಿ, "ಎದ್ದೀ ಏನಪಾ ನನ್ನ ರಾಜಾ?" ಎನ್ನುತ್ತಾಳೆ. ಪಕ್ಕದ ಮಗ್ಗದ ಸದ್ದು ನಿಂತಿಲ್ಲ. ಆದರೂ ಕೂಸು ತಾಯಿಯ ಮುಖವನ್ನು ಎವೆಯಿಕ್ಕದೆ ನೋಡುತ್ತದೆ. ಬೊಚ್ಚುಬಾಯಿ ತೆರೆದು ತನ್ನದೇ ಭಾಷೆಯಲ್ಲಿ ಏನನ್ನೋ ಹೇಳುತ್ತದೆ.

ಆ ಕೂಸು ತಾಯಿಯ ಮಾತನ್ನು ಗ್ರಹಿಸಿದ್ದು ಯಾವುದರಿಂದ? "ಕಿವಿಯಿಂದ" ಎಂದು ಯಾರಾದರೂ ಥಟ್ಟನೆ ಉತ್ತರಿಸಿಯಾರು. ಮಾತು ಕಿವಿಯ ವಿಷಯ, ರೂಪ ಕಣ್ಣಿನ ವಿಷಯ ಎಂಬುದು ಬಹುಕಾಲದಿಂದ ನಂಬಿಕೊಂಡು ಬಂದ ಮಾತು. ಆದರೆ ಕಳೆದ ಐವತ್ತು ವರ್ಷಗಳಲ್ಲಿ ನಡೆದ ಶಿಶುಮನಶ್ಶಾಸ್ತ್ರದ ಶೋಧನೆಗಳು ಈ ಉತ್ತರ ಅರ್ಧಸತ್ಯವೆಂದು ತೋರಿಸಿಕೊಟ್ಟಿವೆ. ಕೂಸು ಮಾತನ್ನು ಕೇಳುತ್ತದೆ. ಜೊತೆಗೆ ಮಾತನ್ನು ನೋಡುತ್ತದೆ. ಕಂಡದ್ದನ್ನೂ ಕೇಳಿದ್ದನ್ನೂ ಒಂದುಗೂಡಿಸಿ ನುಡಿಯ ಮೊದಲ ಪಾಠವನ್ನು ಕಲಿಯುತ್ತದೆ.

ಈ ಸಂಗತಿ ಮೇಲುನೋಟಕ್ಕೆ ವಿಚಿತ್ರವೆನಿಸಿದರೂ ನಿತ್ಯದ ಅನುಭವಕ್ಕೆ ಹೊರಗಿನದಲ್ಲ. ಕಿವಿ ಮಂದವಾದ ಅಜ್ಜ ಮೊಮ್ಮಗನಿಗೆ, "ತಮ್ಮಾ, ಈ ಕಡೆ ಮಾರಿ ಮಾಡಿ ಮಾತಾಡಪಾ" ಎನ್ನುವುದುಂಟು. ಮಾರಿ ಎಂದರೆ ಮುಖ. ಕಿವಿ ಕೇಳದಿದ್ದರೆ ಗಟ್ಟಿಯಾಗಿ ಹೇಳೆನ್ನಬೇಕಲ್ಲದೆ ಮುಖ ತೋರಿಸೆನ್ನುವುದೇಕೆ? ಹಾಗೆ ಮಾಡಿದರೆ ಮಾತು ಹೆಚ್ಚು ತಿಳಿಯುತ್ತದೆಂಬುದು ಅಜ್ಜನಿಗೆ ಅನುಭವದಿಂದ ಗೊತ್ತು. ಜಾತ್ರೆಯ ಗದ್ದಲದಲ್ಲಿಯೂ ಅಷ್ಟೆ. ಜೊತೆಗಾರನ ಮಾತು ಅರ್ಥವಾಗದಿದ್ದರೆ ನಮ್ಮ ಕಣ್ಣು ತಾನಾಗಿಯೇ ಅವನ ತುಟಿಗಳತ್ತ ಹೊರಳುತ್ತದೆ. ಸಂಬಿ ಮತ್ತು ಪೊಲ್ಲಾಕ್ ಎಂಬ ಅಮೆರಿಕದ ವಿಜ್ಞಾನಿಗಳು 1954ರಲ್ಲಿಯೇ ಇದನ್ನು ಅಳೆದು ತೋರಿಸಿದರು. ಸುತ್ತಲಿನ ಗದ್ದಲ ಹೆಚ್ಚಿದಷ್ಟೂ ಮಾತನಾಡುವವರ ಮುಖವನ್ನು ಕಾಣುವುದರಿಂದ ಆಗುವ ಲಾಭವೂ ಹೆಚ್ಚುತ್ತದೆ. ದೂರವಾಣಿಯಲ್ಲಿ ಹೆಸರು ಹೇಳುವಾಗ "ಮ"ಕಾರವೋ "ನ"ಕಾರವೋ ಎಂಬ ಗೊಂದಲ ಬರುವುದೂ ಇದೇ ಕಾರಣಕ್ಕೆ. ಈ ಎರಡು ಅಕ್ಷರಗಳು ಕಿವಿಗೆ ಹತ್ತಿರದವು, ಕಣ್ಣಿಗೆ ದೂರದವು. ಮುಖ ಕಾಣುವಾಗ ಬಾರದ ಸಂದೇಹ ಮುಖ ಮರೆಯಾದೊಡನೆ ತಲೆ ಎತ್ತುತ್ತದೆ.

ಕನ್ನಡ ವರ್ಣಮಾಲೆಯನ್ನು ಬಲ್ಲ ವಿದ್ಯಾರ್ಥಿಗಳಿಗೆ ಇದರ ಮರ್ಮವನ್ನು ತಿಳಿಯುವುದು ಸುಲಭ. ನಮ್ಮ ಪ್ರಾಚೀನ ವೈಯಾಕರಣರು ವರ್ಗಾಕ್ಷರಗಳನ್ನು ಅವು ಹುಟ್ಟುವ ಸ್ಥಾನವನ್ನು ಅನುಸರಿಸಿ ಜೋಡಿಸಿದ್ದಾರೆ. ಕವರ್ಗ ಕಂಠದಲ್ಲಿ ಹುಟ್ಟುತ್ತದೆ. ಚವರ್ಗ ತಾಲುವಿನಲ್ಲಿ, ಟವರ್ಗ ಮೂರ್ಧದಲ್ಲಿ, ತವರ್ಗ ಹಲ್ಲಿನಲ್ಲಿ, ಪವರ್ಗ ತುಟಿಯಲ್ಲಿ. ಎಂದರೆ ಅಕ್ಷರಗಳ ಸಾಲು ಬಾಯಿಯ ಒಳಗಿನಿಂದ ಹೊರಬಾಗಿಲಿನವರೆಗೆ ನಡೆದು ಬರುತ್ತದೆ. ಕನ್ನಡಿಯ ಮುಂದೆ ನಿಂತು "ಕ, ಚ, ಟ, ತ, ಪ" ಎಂದು ಉಚ್ಚರಿಸಿದರೆ ಒಂದು ವಿಶೇಷ ಗೋಚರವಾಗುತ್ತದೆ. "ಕ"ಕಾರ ಹುಟ್ಟುವ ಎಡೆ ನೋಡುವವರಿಗೆ ಕಾಣುವುದೇ ಇಲ್ಲ. "ತ"ಕಾರದಲ್ಲಿ ನಾಲಿಗೆಯ ತುದಿ ಇಣುಕುತ್ತದೆ. "ಪ"ಕಾರವಂತೂ ತುಟಿಗಳ ಮೇಲೆಯೇ ನಡೆಯುವ ವ್ಯಾಪಾರ. ಕಣ್ಣಿಗೆ ಅತ್ಯಂತ ಸ್ಪಷ್ಟವಾಗಿ ಕಾಣುವವು ಪ, ಬ, ಮ ಎಂಬ ಓಷ್ಠ್ಯಗಳು. ಕೂಸಿನ ಬಾಯಿಂದ ಮೊದಮೊದಲು ಹೊರಡುವ ಅಪ್ಪ, ಅಮ್ಮ, ಅವ್ವ ಎಂಬ ಮಾತುಗಳೆಲ್ಲ ತುಟಿಯಲ್ಲಿಯೇ ಹುಟ್ಟುವವು ಎಂಬುದನ್ನು ಇಲ್ಲಿ ನೆನೆಯಬೇಕು. ತುಟಿ ಮುಚ್ಚಿ ತೆರೆಯುವುದು ಕೂಸಿಗೆ ಸುಲಭ ಎಂಬುದು ಇದಕ್ಕೊಂದು ಕಾರಣ. ಆ ಧ್ವನಿಗಳು ಕಣ್ಣಿಗೂ ಕಾಣುತ್ತವೆಂಬುದು ಮತ್ತೊಂದು ಅನುಕೂಲ.

ಕಣ್ಣು ಕಿವಿಗೆ ಬರಿಯ ಸಹಾಯಕನೆ, ಅಥವಾ ಕೇಳುವ ಕ್ರಿಯೆಯಲ್ಲಿಯೇ ಅದಕ್ಕೆ ಪಾಲುಂಟೆ? ಈ ಪ್ರಶ್ನೆಗೆ ಉತ್ತರ ದೊರೆತದ್ದು 1976ರಲ್ಲಿ. ಹ್ಯಾರಿ ಮೆಕ್‌ಗರ್ಕ್ ಮತ್ತು ಜಾನ್ ಮೆಕ್‌ಡೊನಾಲ್ಡ್ ಎಂಬ ಮನಶ್ಶಾಸ್ತ್ರಜ್ಞರು ಇಂಗ್ಲೆಂಡಿನಲ್ಲಿ ಒಂದು ಪ್ರಯೋಗ ಮಾಡಿದರು. ಪರದೆಯ ಮೇಲೆ ಒಬ್ಬ ಹೆಂಗಸು "ಗ, ಗ" ಎಂದು ಉಚ್ಚರಿಸುತ್ತಿರುವ ಚಿತ್ರ. ಅದಕ್ಕೆ ಜೋಡಿಸಿದ ಧ್ವನಿ ಮಾತ್ರ "ಬ, ಬ". ಕಣ್ಣಿಗೆ ಒಂದು, ಕಿವಿಗೆ ಇನ್ನೊಂದು. ನೋಡಿದವರಲ್ಲಿ ಬಹುಮಂದಿ ತಾವು ಕೇಳಿದ್ದು "ಗ"ವೂ ಅಲ್ಲ, "ಬ"ವೂ ಅಲ್ಲ, "ದ" ಎಂದರು. ದೊಡ್ಡವರಲ್ಲಿ ನೂರಕ್ಕೆ 98ರಷ್ಟು ಉತ್ತರಗಳು ಹೀಗೆಯೇ ಇದ್ದವು. ಕಣ್ಣು ಮುಚ್ಚಿಕೊಂಡರೆ "ಬ" ಎಂದೇ ಕೇಳಿಸುತ್ತಿತ್ತು. ಕಣ್ಣು ತೆರೆದರೆ ಮತ್ತೆ "ದ". ನಮ್ಮ ವರ್ಣಮಾಲೆಯ ಕ್ರಮವನ್ನು ನೆನೆದರೆ ಇದರ ಸೊಗಸು ತಿಳಿಯುತ್ತದೆ. ಕಣ್ಣು ಕಂಡದ್ದು ಕಂಠದ ಅಕ್ಷರ, ಕಿವಿ ಕೇಳಿದ್ದು ತುಟಿಯ ಅಕ್ಷರ. ಎರಡರ ವಾದವನ್ನೂ ಆಲಿಸಿದ ಮೆದುಳು ನಡುವಣ ಸ್ಥಾನದಲ್ಲಿ ಹುಟ್ಟುವ ಅಕ್ಷರವೊಂದನ್ನು ತೀರ್ಪಾಗಿ ಕೊಟ್ಟಿತು. ಈ ಭ್ರಮೆ ಎಲ್ಲರಲ್ಲಿಯೂ, ಎಲ್ಲ ಭಾಷಿಕರಲ್ಲಿಯೂ ಒಂದೇ ಪ್ರಮಾಣದಲ್ಲಿ ಕಾಣುವುದಿಲ್ಲವೆಂದು ಮುಂದಿನ ಶೋಧನೆಗಳು ತಿಳಿಸಿದವು. ಆದರೂ ಮೂಲತತ್ತ್ವ ಉಳಿಯಿತು. ನಾವು ಕೇಳಿದೆವೆಂದು ಭಾವಿಸುವ ಮಾತಿನಲ್ಲಿ ಕಣ್ಣಿನ ಪಾಲೂ ಇದೆ.

ಇದು ದೊಡ್ಡವರ ಮಾತಾಯಿತು. ಇಷ್ಟು ವರ್ಷ ಮುಖಗಳನ್ನು ನೋಡುತ್ತ, ಮಾತುಗಳನ್ನು ಕೇಳುತ್ತ ಬಂದವರಿಗೆ ಇಂಥ ಅಭ್ಯಾಸ ಬೆಳೆದಿರುವುದು ಸಹಜ. ಇನ್ನೂ ಒಂದು ಮಾತನ್ನೂ ಆಡಲಾರದ ಕೂಸಿನಲ್ಲಿ ಈ ಶಕ್ತಿ ಉಂಟೆ? ಕೂಸನ್ನು ಕೇಳಿ ತಿಳಿಯುವಂತಿಲ್ಲ. ಆದರೆ ಕೂಸಿಗೆ ಬಾಯಿಲ್ಲದಿದ್ದರೂ ನೋಟವುಂಟು. ಯಾವುದನ್ನು ಅದು ಹೆಚ್ಚು ಹೊತ್ತು ನೋಡುತ್ತದೆ ಎಂಬುದನ್ನು ಅಳೆದರೆ ಅದರ ಮನಸ್ಸಿನ ಒಲವು ತಿಳಿಯುತ್ತದೆ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಪೆಟ್ರೀಷಿಯಾ ಕೂಲ್ ಮತ್ತು ಆಂಡ್ರೂ ಮೆಲ್ಟ್‌ಜಾಫ್ ಈ ಉಪಾಯವನ್ನೇ ಹಿಡಿದರು. 1982ರಲ್ಲಿ ಪ್ರಕಟವಾದ ಅವರ ಪ್ರಯೋಗ ಈ ಕ್ಷೇತ್ರದಲ್ಲಿ ಒಂದು ಮೈಲಿಗಲ್ಲು.

ನಾಲ್ಕರಿಂದ ಐದು ತಿಂಗಳ 32 ಕೂಸುಗಳನ್ನು ಅವರು ಪರೀಕ್ಷಿಸಿದರು. ಕೂಸಿನ ಎದುರಿಗೆ ಅಕ್ಕಪಕ್ಕದಲ್ಲಿ ಒಬ್ಬಳೇ ಹೆಂಗಸಿನ ಎರಡು ಚಲಚ್ಚಿತ್ರಗಳು. ಒಂದರಲ್ಲಿ ಆಕೆ ಬಾಯಿ ಅಗಲಿಸಿ "ಆ" ಎನ್ನುತ್ತಾಳೆ. ಇನ್ನೊಂದರಲ್ಲಿ ತುಟಿ ಎಳೆದು "ಈ" ಎನ್ನುತ್ತಾಳೆ. ಧ್ವನಿ ಬರುವುದು ಎರಡೂ ಚಿತ್ರಗಳ ನಟ್ಟನಡುವೆ ಇರಿಸಿದ ಒಂದೇ ಧ್ವನಿವರ್ಧಕದಿಂದ. ಅದೂ "ಆ" ಎಂದೋ "ಈ" ಎಂದೋ ಒಂದೇ ಸ್ವರ. ಎರಡು ಬಾಯಿಗಳೂ ಒಂದೇ ಕ್ಷಣಕ್ಕೆ ತೆರೆದು ಒಂದೇ ಕ್ಷಣಕ್ಕೆ ಮುಚ್ಚುವಂತೆ ಹೊಂದಿಸಿದ್ದರು. ಆದ್ದರಿಂದ ಧ್ವನಿಯ ದಿಕ್ಕಾಗಲಿ ವೇಳೆಯಾಗಲಿ ಕೂಸಿಗೆ ಸುಳಿವು ಕೊಡುವಂತಿರಲಿಲ್ಲ. ಇಂಥ ಸ್ವರಕ್ಕೆ ಇಂಥ ಬಾಯಿ ಎಂಬ ತಿಳಿವಳಿಕೆಯೊಂದೇ ದಾರಿ ತೋರಿಸಬೇಕು.

ಫಲಿತಾಂಶ ಬೆರಗುಗೊಳಿಸುವಂತಿತ್ತು. 32 ಕೂಸುಗಳಲ್ಲಿ 24 ಕೂಸುಗಳು ಕೇಳುತ್ತಿದ್ದ ಸ್ವರಕ್ಕೆ ಹೊಂದುವ ಮುಖವನ್ನೇ ಹೆಚ್ಚು ಹೊತ್ತು ನೋಡಿದವು. ಒಟ್ಟು ನೋಟದ ಕಾಲದಲ್ಲಿ ನೂರಕ್ಕೆ 73ರಷ್ಟು ಪಾಲು ಆ ಮುಖಕ್ಕೆ ಸಂದಿತು. ಸ್ವರದ ಬದಲು ಅಷ್ಟೇ ಹೊತ್ತಿನ ಬರಿಯ ನಾದವನ್ನು ಕೇಳಿಸಿದಾಗ ಈ ಒಲವು ಕಾಣಲಿಲ್ಲ. ಕೂಸು ಹೊಂದಿಸುತ್ತಿದ್ದುದು ಸದ್ದನ್ನಲ್ಲ, ನುಡಿಯನ್ನು. ಇನ್ನೊಂದು ಸೋಜಿಗವೂ ಅಲ್ಲಿ ಕಂಡಿತು. ಕೆಲವು ಕೂಸುಗಳು ತಾವು ಕೇಳಿದ ಸ್ವರವನ್ನು ಹೋಲುವ ದನಿಯನ್ನು ತಾವೂ ಹೊರಡಿಸತೊಡಗಿದವು. ಕಾಣುವ ಬಾಯಿ, ಕೇಳುವ ದನಿ, ಆಡಬೇಕೆನ್ನುವ ನಾಲಿಗೆ ಇವು ಮೂರೂ ಒಂದೇ ಸರದ ಮಣಿಗಳೆಂಬಂತೆ ತೋರಿತು. ಎರಡು ತಿಂಗಳ ಕೂಸುಗಳಲ್ಲಿಯೂ ಇಂಥ ಹೊಂದಾಣಿಕೆ ಇರುವುದು ಆಮೇಲೆ ತಿಳಿದುಬಂತು. ಐದು ತಿಂಗಳ ಆಸುಪಾಸಿನ ಕೂಸುಗಳು ಮೆಕ್‌ಗರ್ಕ್ ಕಂಡ ಭ್ರಮೆಗೂ ಒಳಗಾಗುತ್ತವೆ ಎಂಬುದಕ್ಕೆ 1997ರಲ್ಲಿಯೂ 2004ರಲ್ಲಿಯೂ ಪ್ರಕಟವಾದ ಅಧ್ಯಯನಗಳಲ್ಲಿ ಆಧಾರಗಳು ದೊರೆತವು.

ಇಷ್ಟು ಎಳೆಯ ವಯಸ್ಸಿನಲ್ಲಿ ಇದು ಹೇಗೆ ಸಾಧ್ಯ? ಗರ್ಭದಲ್ಲಿರುವಾಗಲೇ ಕೂಸಿಗೆ ತಾಯಿಯ ದನಿ ಕೇಳುತ್ತಿರುತ್ತದೆ; ಹುಟ್ಟಿದ ಕೆಲವೇ ದಿನಗಳಲ್ಲಿ ಅದು ಆ ದನಿಯನ್ನು ಬೇರೆಯವರ ದನಿಯಿಂದ ಬೇರ್ಪಡಿಸಿ ಗುರುತಿಸುತ್ತದೆ. ಕಣ್ಣಿನ ಸ್ಥಿತಿ ಹಾಗಲ್ಲ. ನವಜಾತ ಶಿಶುವಿಗೆ ದೂರದ ವಸ್ತುಗಳು ಮಸುಕು. ಸುಮಾರು 20ರಿಂದ 30 ಸೆಂಟಿಮೀಟರಿನ ಅಂತರದಲ್ಲಿ ಇರುವುದು ಮಾತ್ರ ಒಂದಿಷ್ಟು ಚೆನ್ನಾಗಿ ಕಾಣುತ್ತದೆ. ಹಾಲೂಡುವ ತಾಯಿಯ ಮುಖಕ್ಕೂ ಮಡಿಲ ಕೂಸಿಗೂ ಇರುವ ಅಂತರ ಹೆಚ್ಚುಕಡಿಮೆ ಅಷ್ಟೇ. ಹೀಗೆ ಪರಿಚಯದ ದನಿ, ಕಾಣುವಷ್ಟು ಹತ್ತಿರದ ಮುಖ ಎರಡೂ ಮಡಿಲಿನಲ್ಲಿ ಒಂದಾಗುತ್ತವೆ. ಬಾಯಿ ತೆರೆದಾಗ ದನಿ ಏರುತ್ತದೆ, ಮುಚ್ಚಿದಾಗ ಇಳಿಯುತ್ತದೆ. ಎರಡರ ಲಯವೂ ಒಂದೇ, ಏಕೆಂದರೆ ಎರಡಕ್ಕೂ ಮೂಲ ಒಂದೇ ಬಾಯಿ. ಈ ಜೊತೆನಡೆಯನ್ನು ಹಿಡಿಯುವುದಕ್ಕೆ ಕೂಸಿನ ಮೆದುಳು ಮೊದಲಿನಿಂದಲೂ ಅಣಿಯಾಗಿರುತ್ತದೆ. ದಿನದಿನದ ಮಾತುಕತೆ ಅದನ್ನು ಸಾಣೆ ಹಿಡಿಯುತ್ತದೆ.

ಕೂಸು ಬೆಳೆದಂತೆ ಅದರ ನೋಟವೂ ಬದಲಾಗುತ್ತದೆ. ನಾಲ್ಕು ತಿಂಗಳ ಕೂಸು ಮಾತನಾಡುವವರ ಕಣ್ಣನ್ನು ಹೆಚ್ಚಾಗಿ ನೋಡುತ್ತದೆ. ಎಂಟು ತಿಂಗಳ ಹೊತ್ತಿಗೆ, ಎಂದರೆ "ಬಬಬ, ದದದ" ಎಂದು ತೊದಲುವ ಕಾಲಕ್ಕೆ, ಅದರ ನೋಟ ಬಾಯಿಗೆ ಇಳಿಯುತ್ತದೆ. ನುಡಿಯ ಕಸುಬನ್ನು ಕಲಿಯಬೇಕಾದ ಕಾಲದಲ್ಲಿ ಅದು ಕಸುಬುದಾರನ ಕೈಯನ್ನೇ ನೋಡಿದಂತೆ. ವರ್ಷ ತುಂಬುವಷ್ಟರಲ್ಲಿ, ಮನೆಮಾತನ್ನು ಕೇಳುವಾಗ ನೋಟ ಮತ್ತೆ ಕಣ್ಣಿನ ಕಡೆಗೆ ಮರಳತೊಡಗುತ್ತದೆ. ಅಪರಿಚಿತ ಭಾಷೆಯನ್ನು ಕೇಳುವಾಗ ಮಾತ್ರ ಬಾಯಿಯಲ್ಲಿಯೇ ನೆಲೆಸುತ್ತದೆ. 2012ರಲ್ಲಿ ಡೇವಿಡ್ ಲೆವ್ಕೊವಿಚ್ ಮತ್ತು ಅವರ ಸಹೋದ್ಯೋಗಿ ಪ್ರಕಟಿಸಿದ ಅಧ್ಯಯನದಿಂದ ಈ ಕ್ರಮ ತಿಳಿದುಬಂತು.

ಇದೇ ಒಂದು ವರ್ಷದಲ್ಲಿ ಕೂಸಿನ ಕಿವಿ ತನ್ನ ನಾಡಿನ ನುಡಿಗೆ ಒಗ್ಗಿಕೊಳ್ಳುತ್ತದೆ. "ತ"ಕಾರಕ್ಕೂ "ಟ"ಕಾರಕ್ಕೂ ಇರುವ ಭೇದ ಕನ್ನಡಿಗರಿಗೆ ಸ್ಪಷ್ಟ. ಇಂಗ್ಲಿಷನ್ನಷ್ಟೇ ಬಲ್ಲವರಿಗೆ ಕಷ್ಟ. ಆದರೆ ಹಿಂದಿಯ ಇಂಥ ಧ್ವನಿಗಳನ್ನು ಕೇಳಿಸಿದಾಗ ಇಂಗ್ಲಿಷ್ ಮನೆಗಳಲ್ಲಿ ಬೆಳೆಯುತ್ತಿದ್ದ ಆರೆಂಟು ತಿಂಗಳ ಕೂಸುಗಳು ಭೇದವನ್ನು ಗುರುತಿಸಿದವು. ವರ್ಷದ ಹೊತ್ತಿಗೆ ಆ ಶಕ್ತಿ ಕುಂದಿತ್ತು. ಇದು ಕೆನಡಾದ ಜ್ಯಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಎಂಬವರು 1984ರಲ್ಲಿ ಪ್ರಕಟಿಸಿದ ಸಂಗತಿ. ಬಳಸದ ದಾರಿಯಲ್ಲಿ ಹುಲ್ಲು ಬೆಳೆಯುವಂತೆ, ಕೇಳದ ಧ್ವನಿಗಳ ದಾರಿ ಮಸುಕಾಗುತ್ತದೆ. ಇಂದಿನ ಲಕ್ಷ್ಮೇಶ್ವರವೇ ಹಿಂದಿನ ಪುಲಿಗೆರೆ. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ' ಕನ್ನಡದ ತಿರುಳೆಂದು ಎಣಿಸಿದ ನಾಡಿನ ಎಲ್ಲೆಗಳಲ್ಲಿ ಅದೂ ಒಂದು. ಆ ತಿರುಳ್ಗನ್ನಡವೂ ತಲೆಮಾರಿನಿಂದ ತಲೆಮಾರಿಗೆ ಇಳಿದು ಬಂದದ್ದು ಗ್ರಂಥಗಳಿಂದಷ್ಟೇ ಅಲ್ಲ. ತೊಟ್ಟಿಲಿನ ಮೇಲೆ ಬಾಗಿದ ಮುಖಗಳಿಂದ.

ಎರಡು ಮಾತುಗಳ ನಡುವೆ ಬೆಳೆಯುವ ಕೂಸಿನ ಪಾಡೇನು? ಮುಂಡರಗಿಯ ಸೀಮೆಯ ತಾಂಡಾಗಳಲ್ಲಿ ಮನೆಯೊಳಗೆ ಲಂಬಾಣಿ, ಹೊರಗೆ ಕನ್ನಡ. ಶಿರಹಟ್ಟಿಯಲ್ಲಿ ಎಷ್ಟೋ ಮನೆಗಳ ಒಳಗೆ ಉರ್ದು, ಪೇಟೆಯಲ್ಲಿ ಕನ್ನಡ. ಇಂಥ ಮಕ್ಕಳಿಗೆ ಹೊರೆ ಹೆಚ್ಚಾಗುತ್ತದೆಂದು ಕೆಲವರು ಅಂಜುತ್ತಾರೆ. ಅಂಜಿಕೆಗೆ ಕಾರಣವಿಲ್ಲ. ವರ್ಕರ್ ಅವರ ತಂಡ 2007ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿತು. ಒಬ್ಬರೇ ವ್ಯಕ್ತಿ ಇಂಗ್ಲಿಷ್ ಮತ್ತು ಫ್ರೆಂಚ್ ಎರಡನ್ನೂ ಆಡುತ್ತಿರುವ ಚಿತ್ರವನ್ನು ಧ್ವನಿಯಿಲ್ಲದೆ ತೋರಿಸಿದಾಗ, ನಾಲ್ಕು ಮತ್ತು ಆರು ತಿಂಗಳ ಕೂಸುಗಳು ಬರಿಯ ಮುಖವನ್ನು ನೋಡಿಯೇ ಭಾಷೆ ಬದಲಾದುದನ್ನು ಗುರುತಿಸಿದವು. ಎಂಟು ತಿಂಗಳಿಗೆ ಆ ಜಾಣ್ಮೆ ಒಂದೇ ಭಾಷೆಯ ಮನೆಯ ಕೂಸುಗಳಲ್ಲಿ ಉಳಿಯಲಿಲ್ಲ. ಎರಡೂ ಭಾಷೆಗಳ ಮನೆಯ ಕೂಸುಗಳಲ್ಲಿ ಉಳಿದಿತ್ತು. ಎರಡು ಭಾಷೆಗಳನ್ನು ಕಲಿಯುವ ಕೂಸು ಬಾಯಿಯನ್ನು ಹೆಚ್ಚು ಕಾಲ ಗಮನಿಸುತ್ತದೆಂದೂ ಬಾರ್ಸಿಲೋನಾದಲ್ಲಿ ನಡೆದ ಅಧ್ಯಯನವೊಂದು 2015ರಲ್ಲಿ ತಿಳಿಸಿತು. ಎರಡು ಹೊಲ ಉಳುವ ರೈತ ಇನ್ನಷ್ಟು ಬೇಗ ಏಳುವಂತೆ, ಆ ಕೂಸು ತನ್ನ ಕಣ್ಣನ್ನು ಹೆಚ್ಚು ದುಡಿಸುತ್ತದೆ.

ಎರಡು ದಾರಿಗಳಲ್ಲಿ ಒಂದು ಮುಚ್ಚಿದರೆ ಏನಾಗುತ್ತದೆ? ಗದುಗಿನ ಜನ ಇದಕ್ಕೆ ಒಂದು ಉತ್ತರವನ್ನು ಬಲ್ಲರು. ಅಲ್ಲಿಯ ವೀರೇಶ್ವರ ಪುಣ್ಯಾಶ್ರಮವನ್ನು ಕಟ್ಟಿದ ಪಂಚಾಕ್ಷರಿ ಗವಾಯಿಗಳು (1892-1944) ಹುಟ್ಟಿನಿಂದಲೇ ದೃಷ್ಟಿಯಿಲ್ಲದವರು. ಅವರ ಶಿಷ್ಯರಾಗಿ ಆಶ್ರಮವನ್ನು ಬೆಳೆಸಿದ ಪುಟ್ಟರಾಜ ಗವಾಯಿಗಳು (1914-2010) ಎಳವೆಯಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡವರು. ಗುರು ನಾಡಿಗೆ ಸಂಗೀತವನ್ನು ಹಂಚಿದರು. ಶಿಷ್ಯರು ಹಾಡಿದರು, ಹಲವು ವಾದ್ಯಗಳನ್ನು ನುಡಿಸಿದರು, ಕನ್ನಡ, ಸಂಸ್ಕೃತ, ಹಿಂದಿಗಳಲ್ಲಿ ಗ್ರಂಥಗಳನ್ನು ರಚಿಸಿದರು. ದೃಷ್ಟಿಯಿಲ್ಲದ ಕೂಸಿಗೆ ತುಟಿಯ ಆಟ ಕಾಣುವುದಿಲ್ಲವಾದ್ದರಿಂದ "ಮ" ಮತ್ತು "ನ" ಮುಂತಾದವುಗಳ ಭೇದವನ್ನು ಕಲಿಯಲು ಅದಕ್ಕೆ ಮೊದಲು ತುಸು ಹೆಚ್ಚು ಕಾಲ ಬೇಕಾಗುತ್ತದೆಂದು 1987ರಲ್ಲಿ ಆನ್ ಮಿಲ್ಸ್ ಎಂಬ ವಿದುಷಿ ತೋರಿಸಿದ್ದಾರೆ. ಆದರೆ ಕಿವಿ ಆ ಕೊರತೆಯನ್ನು ತುಂಬಿಕೊಳ್ಳುತ್ತದೆ. ತುಂಬಿಕೊಂಡ ಕಿವಿ ಎಷ್ಟು ದೂರ ಸಾಗಬಲ್ಲದೆಂಬುದಕ್ಕೆ ಪುಣ್ಯಾಶ್ರಮದ ನಾದವೇ ಸಾಕ್ಷಿ.

ಮುಚ್ಚಿದ್ದು ಕಿವಿಯ ದಾರಿಯಾದರೆ ಸಂಗತಿ ಇನ್ನೂ ಸೂಕ್ಷ್ಮ. ಕಣ್ಣು ಕಾಣದ ಕೂಸನ್ನು ಮನೆಯವರು ಬೇಗ ಗುರುತಿಸಿಯಾರು. ಕಿವಿ ಕೇಳದ ಕೂಸನ್ನು ಗುರುತಿಸುವುದು ತಡವಾಗುತ್ತದೆ. ಇದಕ್ಕೆ ಕಾರಣ ಕೂಸಿನ ಆ ಜಾಣ ಕಣ್ಣೇ. ತಾಯಿ ಎದುರಿಗೆ ಬಂದು ಮಾತನಾಡಿದರೆ ಅದು ಮುಖವನ್ನು ನೋಡಿ ನಗುತ್ತದೆ. ಮೊದಲ ತಿಂಗಳುಗಳಲ್ಲಿ ಎಲ್ಲ ಕೂಸುಗಳಂತೆ ಕೇಕೆಯನ್ನೂ ಹಾಕುತ್ತದೆ. ಬಾಗಿಲು ಬಡಿದರೆ ನೆಲದ ಅದುರಿಕೆಗೆ ಬೆಚ್ಚುವುದೂ ಉಂಟು. ಮನೆಯವರು, "ನಮ್ಮ ಕೂಸಿಗೆ ಎಲ್ಲ ಕೇಳತೈತಿ" ಎಂದು ನೆಮ್ಮದಿಯಿಂದಿರುತ್ತಾರೆ. ಎರಡು ವರ್ಷವಾದರೂ ಮಾತು ಬಾರದಿದ್ದಾಗ, "ಗಂಡುಮಕ್ಕಳಿಗೆ ಮಾತು ತಡ" ಎಂದು ಹಿರಿಯರು ಸಮಾಧಾನ ಹೇಳುತ್ತಾರೆ. ಹೀಗೆ ಕಲಿಕೆಯ ಅಮೂಲ್ಯ ಕಾಲ ಕಳೆದುಹೋಗುತ್ತದೆ. 'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?' ಎಂಬ ಗಾದೆ ಇಲ್ಲಿ ಅಕ್ಷರಶಃ ಸಲ್ಲುತ್ತದೆ. ಕಿವಿಯೊಳಗೆ ಕೃತಕ ಶ್ರವಣಸಾಧನವನ್ನು ಅಳವಡಿಸಿಕೊಂಡ ಮಕ್ಕಳನ್ನು ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಎರಡೂವರೆ ವರ್ಷದೊಳಗೆ ಅದನ್ನು ಪಡೆದ ಮಕ್ಕಳೇ ಕಂಡದ್ದನ್ನೂ ಕೇಳಿದ್ದನ್ನೂ ಚೆನ್ನಾಗಿ ಬೆಸೆಯಬಲ್ಲವರಾಗಿದ್ದರು. ತಡವಾಗಿ ತೆರೆದ ಬಾಗಿಲಿನಿಂದ ಧ್ವನಿ ಒಳಗೆ ಬಂದರೂ ಕಣ್ಣಿನೊಡನೆ ಅದರ ಸ್ನೇಹ ಸುಲಭವಾಗಿ ಕುದುರುವುದಿಲ್ಲ.

ಆದ್ದರಿಂದ ಹುಟ್ಟಿದ ಒಂದು ತಿಂಗಳೊಳಗೆ ಪ್ರತಿಯೊಂದು ಕೂಸಿನ ಕಿವಿಯನ್ನು ಪರೀಕ್ಷಿಸಬೇಕು, ಸಂದೇಹವಿದ್ದರೆ ಮೂರು ತಿಂಗಳೊಳಗೆ ಅದನ್ನು ನಿರ್ಣಯಿಸಬೇಕು, ಆರು ತಿಂಗಳೊಳಗೆ ನೆರವು ದೊರೆಯಬೇಕು ಎಂಬುದು ತಜ್ಞರ ಮತ. ಪರೀಕ್ಷೆ ಕಠಿಣವಲ್ಲ. ಮಲಗಿದ ಕೂಸಿನ ಕಿವಿಯಲ್ಲಿ ಪುಟ್ಟ ನಳಿಕೆಯನ್ನಿಟ್ಟು ಮೆಲುಸದ್ದನ್ನು ಕಳುಹಿಸಿ, ಒಳಗಿವಿಯಿಂದ ಬರುವ ಮರುದನಿಯನ್ನು ಯಂತ್ರದಿಂದ ಅಳೆಯುತ್ತಾರೆ. ಕೆಲವೇ ನಿಮಿಷಗಳ ಕೆಲಸ, ಕೂಸಿಗೆ ನೋವಿಲ್ಲ. ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಈ ವಿದ್ಯೆಯಲ್ಲಿ ನಾಡಿಗೇ ಆಧಾರವಾಗಿದೆ. ಶ್ರವಣಸಾಧನದಿಂದಲೂ ಕೇಳದ ಮಕ್ಕಳಿಗೆ ಕಣ್ಣಿನಿಂದ ಗ್ರಹಿಸುವ ಸನ್ನೆಭಾಷೆ ಉಂಟು. ಅದೂ ತನ್ನದೇ ವ್ಯಾಕರಣವುಳ್ಳ ಪೂರ್ಣಭಾಷೆ. ಅದನ್ನು ಕೂಡ ಎಳವೆಯಲ್ಲಿಯೇ ಕಲಿಸಬೇಕು.

ಈಗ ಎಷ್ಟೋ ಮನೆಗಳಲ್ಲಿ ಕೂಸಿನ ಕೈಗೆ ಮೊಬೈಲನ್ನು ಕೊಟ್ಟು ಸುಮ್ಮನಿರಿಸುವ ರೂಢಿ ಬೆಳೆದಿದೆ. ಪರದೆಯಲ್ಲಿಯೂ ಮುಖವಿದೆ, ದನಿಯಿದೆ; ಕೂಸು ಅದರಿಂದಲೇ ಕಲಿಯಲಿ ಎಂದು ಕೆಲವರ ವಾದ. 2003ರಲ್ಲಿ ಪೆಟ್ರೀಷಿಯಾ ಕೂಲ್ ಮತ್ತು ಅವರ ಸಂಗಡಿಗರು ಇದನ್ನೂ ಪರೀಕ್ಷಿಸಿದ್ದರು. ಅಮೆರಿಕದ ಒಂಬತ್ತು ತಿಂಗಳ ಕೂಸುಗಳ ಮುಂದೆ ಚೀನೀ ಭಾಷೆಯವರು ಕುಳಿತು, ಆಡಿಸುತ್ತ ಮಾತನಾಡಿದರು. ಅಂಥ 12 ಭೇಟಿಗಳಲ್ಲಿಯೇ ಕೂಸುಗಳು ಆ ಭಾಷೆಯ ಧ್ವನಿಭೇದವನ್ನು ಗುರುತಿಸಲು ಕಲಿತವು. ಅದೇ ಜನ, ಅದೇ ಮಾತು, ಆದರೆ ಪರದೆಯ ಮೇಲೆ ತೋರಿಸಿದಾಗ ಕೂಸುಗಳು ಏನನ್ನೂ ಕಲಿಯಲಿಲ್ಲ. ಪರದೆಯ ಮುಖ ಕೂಸನ್ನು ನೋಡುವುದಿಲ್ಲ. ಕೂಸು ನಕ್ಕರೆ ನಗುವುದಿಲ್ಲ, ತೊದಲಿದರೆ ಮಾರುತ್ತರ ಕೊಡುವುದಿಲ್ಲ. ಕೂಸಿಗೆ ಬೇಕಾದುದು ಮುಖ ಮತ್ತು ದನಿಗಳ ಜೊತೆಗೆ ತನ್ನತ್ತ ತಿರುಗಿದ ಮನಸ್ಸು.

ಅನೇಕ ಮನೆಗಳಲ್ಲಿ ತಮ್ಮನ ಅಥವಾ ತಂಗಿಯ ತೊಟ್ಟಿಲು ತೂಗುವ ಕೆಲಸ ಶಾಲೆಗೆ ಹೋಗುವ ಅಕ್ಕನದು, ಅಣ್ಣನದು. ಬೆನ್ನು ತಿರುಗಿಸಿ ಕುಳಿತು ಹಗ್ಗವನ್ನೆಳೆದರೂ ತೊಟ್ಟಿಲು ತೂಗುತ್ತದೆ. ಕೂಸು ನಿದ್ದೆಯನ್ನೂ ಮಾಡೀತು. ಆದರೆ ಅದು ಎಚ್ಚತ್ತಾಗ ಎದುರಿಗೆ ಬಂದು, ಬೆಳಕಿಗೆ ಮುಖಮಾಡಿ, ಒಂದು ಗೇಣಿನಷ್ಟು ದೂರಕ್ಕೆ ಬಾಗಿ, "ಅವ್ವ ಬರತಾಳ, ಅಳಬ್ಯಾಡ" ಎಂದು ನಿಧಾನವಾಗಿ ಹೇಳಿದರೆ, ಅದೇ ಒಂದು ಪಾಠವಾಗುತ್ತದೆ. ಬೆಟಗೇರಿಯ ಆ ಮನೆಯಲ್ಲಿ ಹಾಸು ಒಂದು ಕಡೆಯಿಂದ, ಹೊಕ್ಕು ಇನ್ನೊಂದು ಕಡೆಯಿಂದ ಬಂದು ಬಟ್ಟೆಯಾಗುತ್ತಿರುವಂತೆ, ಪಕ್ಕದ ತೊಟ್ಟಿಲಿನಲ್ಲಿ ಕಂಡದ್ದೂ ಕೇಳಿದ್ದೂ ಸೇರಿ ಕನ್ನಡವಾಗುತ್ತಿದೆ.